ಅಕ್ಕನ ಕಡೆಯ ಗಾಲಿ

ನಾನು ಒಂದು ಕಡೆ ಕೂರುವವಳಲ್ಲ. ಪಾಠ ಹೇಳುವಾಗಲೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಬೋರ್ಡಿಗೆ ಓಡಾಡುತ್ತಲೇ ಇರುತ್ತೇನೆ. ಹಾಲು ಕಾಯಲು ಇಟ್ಟರೆ ಉಕ್ಕುವ ತನಕ ಕಾಯುವ ತಾಳ್ಮೆ ಇಲ್ಲ, ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಅದು ಉಕ್ಕಿರುತ್ತದೆ, ಆಮೇಲೆ ಹಾಲಿನ ಮೇಲೆಯೇ ಸಿಟ್ಟು. ಇಂಥವಳ ಕೈಗೆ ಕಾರು ಕೊಟ್ಟರೆ ಏನಾಗಬೇಕೋ ಅದೇ ಆಗಿದೆ ಎಂದು ನನ್ನವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ಕಾರು ಎಡಕ್ಕೆ ಎಳೆಯತೊಡಗಿತ್ತು. ಇಳಿದಾಗ ಏನೋ ಸುಟ್ಟ ವಾಸನೆ ಬರುತ್ತಿತ್ತು. ಪೆಟ್ರೋಲು ಮೊದಲಿಗಿಂತ ಬೇಗ ಮುಗಿಯುತ್ತಿತ್ತು. ಎಲ್ಲದಕ್ಕೂ ಒಂದೇ ಕಾರಣ ಸಿಕ್ಕಿತ್ತು, ಅದು ನನ್ನ ಬಲಗಾಲು.

ಕಾರು ನನ್ನ ಶೋಕಿಗೆ ಬಂದದ್ದಲ್ಲ. ನಾವು ಸುರಪುರದವರು. ಅವ್ವ ತೀರಿಕೊಂಡಾಗ ನಾನೂ ತಮ್ಮನೂ ಇನ್ನೂ ಶಾಲೆಗೆ ಹೋಗುತ್ತಿದ್ದೆವು, ಅಕ್ಕ ಹೊಲಿಗೆ ಮಷೀನಿನ ಮುಂದೆ ಕೂತು ನಮ್ಮಿಬ್ಬರನ್ನೂ ದಡ ಹತ್ತಿಸಿದಳು. ಊರಿನ ಅರ್ಧ ಹೆಂಗಸರ ಕುಪ್ಪಸದ ಅಳತೆ ಅವಳ ತಲೆಯಲ್ಲಿತ್ತು. ತಮ್ಮ ಕೆಲಸ ಹಿಡಿದು ಕಲಬುರಗಿಯಲ್ಲಿ ಮನೆ ಮಾಡಿದ. ನಾನು ಕೆಂಭಾವಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಕ್ಕ ನಮ್ಮನ್ನು ಬೆಳೆಸುವ ಗಡಿಬಿಡಿಯಲ್ಲಿ ಮದುವೆಯಾಗಲಿಲ್ಲ, ನಾನು ನನ್ನ ಮೊಂಡುತನದಲ್ಲಿ ಆಗಲಿಲ್ಲ. ಹೀಗೆ ಒಂದೇ ಮನೆಯಲ್ಲಿ ಜಗಳವಾಡುತ್ತ ನಮ್ಮಿಬ್ಬರಿಗೂ ತಲೆ ನರೆಯಿತು.

ಆಮೇಲೆ ಅಕ್ಕನ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಯಾದಗಿರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಮೊದಮೊದಲು ಬಸ್ಸಿನಲ್ಲಿ ಹೋದೆವು. ಹೋಗುವುದು ಹೇಗೋ ಆಗುತ್ತಿತ್ತು, ಬರುವಾಗ ಅವಳು ಬಸವಳಿದು ನನ್ನ ಹೆಗಲ ಮೇಲೆ ತಲೆಯಿಟ್ಟರೆ ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಮುಂದಿನ ಬಸ್ಸಿಗೆ ಎಬ್ಬಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ. ಅದನ್ನು ಒಮ್ಮೆ ನೋಡಿದ ತಮ್ಮ ತಾನು ಓಡಿಸುತ್ತಿದ್ದ ಸಣ್ಣ ಕಾರನ್ನು ತಂದು ನಮ್ಮ ಬಾಗಿಲಿಗೆ ನಿಲ್ಲಿಸಿ, ಕಲಿ ಎಂದ. ನಡುವಯಸ್ಸು ದಾಟಿದವಳು ಡಿಗ್ರಿ ಕಾಲೇಜಿನ ಹುಡುಗಿಯರ ಜೊತೆ ಡ್ರೈವಿಂಗ್ ಸ್ಕೂಲಿನಲ್ಲಿ ಸಾಲು ನಿಂತು ಕಲಿತೆ. ಮೊದಲ ಸಲ ಭೀಮಾ ಸೇತುವೆ ದಾಟಿದ ದಿನ ನನ್ನ ಕೈ ಸ್ಟೇರಿಂಗಿಗೆ ಅಂಟಿಹೋಗಿದ್ದವು. ಪಕ್ಕದಲ್ಲಿ ಅಕ್ಕ ನದಿ ನೋಡುತ್ತ, ಬೇಸಿಗೆಯಲ್ಲೂ ನೀರು ಎಷ್ಟು ನಿಂತಿದೆ ಎನ್ನುತ್ತ ಆರಾಮವಾಗಿ ಕೂತಿದ್ದಳು. ಅವಳಿಗೆ ನನ್ನ ಮೇಲೆ ಇದ್ದ ಭರವಸೆ ನೋಡಿ ನನಗೇ ಭಯವಾಗಿತ್ತು.

ನೀರು ಅವಳ ಕಣ್ಣಿಗೆ ಹಾಗೆ ಬೀಳುವುದಕ್ಕೆ ಕಾರಣವಿತ್ತು. ಡಾಕ್ಟರು ಅವಳಿಗೆ ನೀರನ್ನು ಅಳತೆಯಲ್ಲಿ ಕಟ್ಟಿಬಿಟ್ಟಿದ್ದಾರೆ. ಒಂದು ಸಣ್ಣ ಸ್ಟೀಲ್ ಲೋಟ ಇದೆ, ದಿನಕ್ಕೆ ಇಷ್ಟೇ ಸಲ ಎಂದು. ಎಳನೀರು, ತೆಂಗಿನಕಾಯಿ ನೀರು ಮಾತ್ರ ಹನಿಯೂ ಕೂಡದು, ಅದರಲ್ಲಿರುವ ಪೊಟ್ಯಾಸಿಯಂ ನೇರ ಹೃದಯಕ್ಕೆ ಪೆಟ್ಟು ಕೊಡುತ್ತದೆ. ಅಕ್ಕನಿಗೆ ಕಾಯಿ ನೀರೆಂದರೆ ಪ್ರಾಣ. ಪೂಜೆಯ ಕಾಯಿ ಒಡೆದ ಕೂಡಲೇ ಹೋಳನ್ನು ಬಾಯಿಗೆತ್ತಿ ಗಟಗಟ ಕುಡಿದು, ಗದ್ದ ಒರೆಸಿಕೊಂಡು, ಆಮೇಲೆಯೇ ದೇವರಿಗೆ ಮಂಗಳಾರತಿ ಎತ್ತುತ್ತಿದ್ದವಳು ಅವಳು. ನಾನು ಅಂದಿನಿಂದ ಅವಳ ಎದುರು ನೀರು ಕುಡಿಯುವುದನ್ನೇ ಬಿಟ್ಟೆ. ಬಾಯಾರಿದರೆ ಅಡುಗೆಮನೆಗೆ ಹೋಗಿ, ಬೆನ್ನು ತಿರುಗಿಸಿ, ಗಂಟಲಿನ ಸದ್ದು ಬಾರದ ಹಾಗೆ ಕುಡಿದು ಬರುತ್ತಿದ್ದೆ. ಅವಳಿಗೆ ಗೊತ್ತಾಗದ ಹಾಗೆ ನೋಡಿಕೊಂಡೆ ಎಂದುಕೊಂಡಿದ್ದೆ.

ಕಾರಿನ ಕತೆಗೆ ಬರುತ್ತೇನೆ. ದಸರೆಯ ರಜೆಯಲ್ಲಿ ತಮ್ಮ ಬಂದ. ತನ್ನ ಹಳೆಯ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದವನು ಇಳಿದು, ಮೂಗು ಎಳೆದು, ಎಡ ಮುಂಗಾಲಿಯ ಹತ್ತಿರ ಕೂತು ನೋಡಿದ. ಗಾಲಿಯ ಮುಚ್ಚಳ ಕಪ್ಪು ಪುಡಿಯಿಂದ ಮುಚ್ಚಿಹೋಗಿತ್ತು. ಅವನು ಕೆಟ್ಟವನಲ್ಲ, ಆದರೆ ಒಂದು ಸಲ ಮನಸ್ಸಿಗೆ ಬಂದದ್ದನ್ನು ಬದಲಿಸುವವನಲ್ಲ. ಈ ವಿಷಯದಲ್ಲಿ ನನ್ನ ತಮ್ಮನೇ.

"ಸಣ್ಣಕ್ಕ, ನೀ ಬ್ರೇಕ್ ಮ್ಯಾಲ ಕಾಲಿಟ್ಟೇ ಓಡಸ್ತಿ. ನನ್ ಕೈಯಾಗ ಇದ್ದಾಗ ಇದು ಹಿಂಗ ಇರಲಿಲ್ಲ."

ನಾನು ಇಡುವುದಿಲ್ಲ ಎಂದೆ. ಅವನು ನಕ್ಕ. ಭಯಸ್ಥರು ಎಲ್ಲರೂ ಹಾಗೇ, ತಮಗೆ ಗೊತ್ತಿಲ್ಲದೇ ಇಡುತ್ತಾರೆ ಎಂದ. ಆಮೇಲೆ ನಗು ಬಿಟ್ಟು, ಊಟಕ್ಕೆ ಕೂತಾಗ ನಿಜವಾದ ಮಾತು ತೆಗೆದ. ಸೇತುವೆಯ ಮೇಲೆ ಬ್ರೇಕು ಕೈಕೊಟ್ಟರೆ ಇಬ್ಬರ ಗತಿ ಏನು? ಕಲಬುರಗಿಯಲ್ಲಿ ತನ್ನ ಮನೆಯಿಂದ ಆಸ್ಪತ್ರೆ ಒಂದು ಓಣಿ ಆಚೆ. ದೊಡ್ಡಕ್ಕ ಅಲ್ಲಿಗೇ ಬಂದಿರಲಿ. ನೀನು ರಜೆಗೆ ಬಾ. ಕಾರು ಮಾರಿಬಿಡೋಣ.

ಅಕ್ಕ ರೊಟ್ಟಿ ಮುರಿಯುತ್ತ, "ನೋಡೂಣು" ಎಂದಳು.

ಆ ಒಂದು ಮಾತು ನನ್ನ ನಿದ್ದೆ ಕೆಡಿಸಿತು. ಹೋಗುವುದಿಲ್ಲ ಎಂದಿದ್ದರೆ ನಾನು ಅವಳ ಪರ ವಾದ ಮಾಡುತ್ತಿದ್ದೆ. ಹೋಗುತ್ತೇನೆ ಎಂದಿದ್ದರೆ ಜಗಳ ತೆಗೆಯುತ್ತಿದ್ದೆ. ನೋಡೋಣ ಎನ್ನುವವರ ಜೊತೆ ಏನು ಮಾಡುವುದು? ಮಧ್ಯಾಹ್ನ ಬರುವ ಓಣಿಯ ಹೆಂಗಸರು, ಆ ಹೊಲಿಗೆ ಮಷೀನು, ಕಿಟಕಿಯ ಕೆಳಗಿನ ಅವಳ ಹಾಸಿಗೆ, ಯಾದಗಿರಿಯಲ್ಲಿ ಅವಳ ಕೈಯ ನರ ಒಂದೇ ಸಲಕ್ಕೆ ಹಿಡಿಯುವ ನರ್ಸು, ಇದನ್ನೆಲ್ಲ ಬಿಟ್ಟು ಅವಳು ಸುಖವಾಗಿರುವುದಿಲ್ಲ ಎಂದು ನನಗೆ ಖಾತ್ರಿ. ನನ್ನ ಸ್ವಾರ್ಥವೂ ಇತ್ತು. ಶಾಲೆಯಿಂದ ಬಂದು ಬೀಗ ತೆಗೆದು ಖಾಲಿ ಮನೆಗೆ ಕಾಲಿಡುವುದು ನನಗೆ ಬೇಕಿರಲಿಲ್ಲ. ಅವಳು ಹೋದರೆ ನಾನು ಯಾರ ಮೇಲೆ ಸಿಟ್ಟು ಮಾಡಲಿ? ಎಲ್ಲವೂ ಈಗ ಆ ಗಾಲಿಯ ಮೇಲೆ ಬಂದು ನಿಂತಿತ್ತು. ತಪ್ಪು ನನ್ನ ಕಾಲಿನದಲ್ಲ ಎಂದು ಸಾಬೀತಾದರೆ ಅಕ್ಕ ಉಳಿಯುತ್ತಾಳೆ, ಇಲ್ಲವಾದರೆ ಹೋಗುತ್ತಾಳೆ ಎಂದು ನಾನೇ ಒಂದು ಲೆಕ್ಕ ಹಾಕಿಕೊಂಡೆ.

ಮೊದಲು ನನ್ನ ಕಾಲನ್ನೇ ವಿಚಾರಣೆಗೆ ನಿಲ್ಲಿಸಿದೆ. ರಜೆ ಮುಗಿದ ದಿನದಿಂದ ಶಾಲೆಗೆ ಕಾರು ತೆಗೆದುಕೊಂಡು ಹೋಗಲು ಶುರುಮಾಡಿದೆ. ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ಬ್ರೇಕು ಬೇಡವಾದಾಗ ಹಿಮ್ಮಡಿ ಹಿಂದಕ್ಕೆ ಎಳೆದು ನೆಲಕ್ಕೆ ಊರಿ ಓಡಿಸಿದೆ. ಕೆಂಭಾವಿ ದಾರಿಯಲ್ಲಿ ಭತ್ತದ ಗದ್ದೆಗಳು, ಕಾಲುವೆಯ ಪಕ್ಕದ ರಾಡಿ, ಎದುರಿಗೆ ಬರುವ ಟ್ರ್ಯಾಕ್ಟರು, ಇದೆಲ್ಲದರ ನಡುವೆ ಕಾಲಿನ ಮೇಲೆ ಕಣ್ಣಿಟ್ಟು ಕಾರು ಓಡಿಸುವುದು ಹುಚ್ಚುತನ. ಆದರೂ ಓಡಿಸಿದೆ. ಶಾಲೆ ಮುಟ್ಟಿದ ಮೇಲೆ ಬಾಟಲಿಯಿಂದ ಕೈಗೆ ನೀರು ಸುರಿದುಕೊಂಡು ನಾಲ್ಕೂ ಗಾಲಿಗೆ ಚಿಮುಕಿಸಿದೆ. ಹಿಂದಿನವು ತಣ್ಣಗಿದ್ದವು. ಬಲ ಮುಂಗಾಲಿಯ ಮೇಲೆ ನೀರು ಸುಮ್ಮನೆ ಇಳಿಯಿತು. ಎಡ ಮುಂಗಾಲಿ ಚುರ್ ಎಂದಿತು. ಬಿಸಿ ಹಂಚಿಗೆ ನೀರು ಚಿಮುಕಿಸಿದ ಹಾಗೆ. ಸಂಜೆ ಮನೆಗೆ ಬಂದು ಮತ್ತೆ ನೋಡಿದೆ, ಮತ್ತೆ ಚುರ್. ನನ್ನ ಸಹೋದ್ಯೋಗಿಗಳು, ಮೇಡಮ್ಮರು ಗಾಡಿಗೆ ಸ್ನಾನ ಮಾಡಿಸುತ್ತಾರೆ ಎಂದು ನಕ್ಕರು. ನಗಲಿ ಎಂದುಕೊಂಡೆ.

ನನಗೆ ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತ್ತು. ಬ್ರೇಕಿನ ಪೆಡಲು ಒಂದೇ. ಒತ್ತಿದರೆ ಎಣ್ಣೆಯ ಒತ್ತಡ ಎರಡೂ ಕಡೆಗೆ ಒಂದೇ ಸಮ ಹೋಗುತ್ತದೆ, ಇದನ್ನು ನಾನೇ ಹತ್ತನೆಯ ತರಗತಿಗೆ ಕಲಿಸುತ್ತೇನೆ. ನನ್ನ ಕಾಲು ಎಷ್ಟೇ ಭಯಸ್ಥ ಕಾಲಾದರೂ ಎಡಗಾಲಿಯನ್ನು ಮಾತ್ರ ಆರಿಸಿ ಹಿಡಿಯಲು ಅದಕ್ಕೆ ಬರುವುದಿಲ್ಲ. ತಪ್ಪು ಕಾಲಿನದಾಗಿದ್ದರೆ ಎರಡೂ ಗಾಲಿ ಚುರ್ ಎನ್ನಬೇಕಿತ್ತು. ಫೋನು ಹಚ್ಚಿ ತಮ್ಮನಿಗೆ ಇದನ್ನು ಹೇಳಿದೆ. ಪಾಠ ಬ್ಯಾಡ, ಮಿಸ್ತ್ರಿಗೆ ತೋರಿಸು ಎಂದ.

ತೋರಿಸಿದೆ. ಶಹಾಪುರದಲ್ಲಿ, ಯಾದಗಿರಿ ರಸ್ತೆಗೆ ಹೊರಳುವಲ್ಲಿ, ನಮಗೆ ಗೊತ್ತಿದ್ದ ಒಬ್ಬ ಮಿಸ್ತ್ರಿಯ ಗ್ಯಾರೇಜು. ನಾನು ಹೋದ ಭಾನುವಾರ ಅವನ ಅಂಗಳದ ತುಂಬ ಟ್ರ್ಯಾಕ್ಟರುಗಳು. ಟೈರು ಬಿಚ್ಚುವ ಪುರುಸೊತ್ತು ಅವನಿಗೆ ಇರಲಿಲ್ಲ, ಕಾಯುವ ಪುರುಸೊತ್ತು ನನಗೆ ಇರಲಿಲ್ಲ. ಬಗ್ಗಿ, ಮುಚ್ಚಳದ ತೂತಿನಿಂದ ಮೊಬೈಲ್ ಬೆಳಕು ಬಿಟ್ಟು ನೋಡಿ, ಗಾಲಿಯನ್ನು ಒತ್ತಿ ಹಿಡಿಯುವ ಪ್ಯಾಡು ಇನ್ನೂ ದಪ್ಪ ಇದೆ, ಬ್ರೇಕಿನದು ಏನೂ ತೊಂದರೆ ಇಲ್ಲ ಎಂದ. ಗಾಳಿ ಸರಿಮಾಡಿದ. ಎದ್ದು ಕೈ ಒರೆಸಿಕೊಳ್ಳುತ್ತ, ಬ್ರೇಕ್ ಮೇಲೆ ಕಾಲು ಇಟ್ಟು ಓಡಿಸುವ ರೂಢಿ ಇದೆಯೇನು ಎಂದು ನನ್ನನ್ನೇ ಕೇಳಿದ. ಮೈಯೆಲ್ಲ ಉರಿಯಿತು. ಊರಿನ ಗಂಡಸರೆಲ್ಲ ಸಭೆ ಸೇರಿ ನನ್ನ ಬಲಗಾಲಿನ ಮೇಲೆ ಠರಾವು ಪಾಸು ಮಾಡಿದ್ದಾರೆ ಅನ್ನಿಸಿತು. ಏನೋ ಬಿರುಸು ಮಾತಾಡಿ ಬಂದುಬಿಟ್ಟೆ.

ತಮ್ಮನಿಗೆ ಮಿಸ್ತ್ರಿಯ ಮಾತು ನಾನೇ ಹೇಳಬೇಕಾಯಿತು, ಸುಳ್ಳು ಹೇಳಲು ಬರುವುದಿಲ್ಲ. ಅವನು ಗೆದ್ದ ದನಿಯಲ್ಲಿ ಮಾತಾಡಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಮೆಲ್ಲಗೆ, ಬರುವ ಅಮಾವಾಸ್ಯೆ ಕಳೆದ ಮಾರನೆಯ ದಿನ ತಾನು ಬರುತ್ತೇನೆ, ದೊಡ್ಡಕ್ಕನ ಬಟ್ಟೆಬರೆ ಕಟ್ಟಿಡು ಎಂದ.

ಇದಾದ ನಾಲ್ಕಾರು ದಿನಕ್ಕೆ ಯಾದಗಿರಿಗೆ ಹೋಗುವ ಸರದಿ. ಬೆಳಿಗ್ಗೆ ಬೇಗ ಹೊರಟೆವು. ಆಸ್ಪತ್ರೆಯಲ್ಲಿ ಅಕ್ಕನ ಹಾಸಿಗೆಗೆ ಹೊತ್ತು ಗೊತ್ತುಮಾಡಿರುತ್ತಾರೆ, ತಡವಾದರೆ ಬೇರೆಯವರನ್ನು ಮಲಗಿಸುತ್ತಾರೆ, ಆಮೇಲೆ ಕಾಯಬೇಕು. ಅದೊಂದು ಆತಂಕ ಆ ದಿನಗಳಲ್ಲಿ ನನ್ನ ಬೆನ್ನಿಗೇ ಇರುತ್ತಿತ್ತು. ಹಿಂದಿನ ಸಲದಿಂದ ಅವಳ ಕಾಲು ಬಾತಿದ್ದವು, ಉಸಿರು ಸ್ವಲ್ಪ ಮೇಲಕ್ಕೇ ಆಡುತ್ತಿತ್ತು. ಶಹಾಪುರ ಹತ್ತಿರ ಬಂದು ಮಲಗಿದ ಬುದ್ಧನ ಆಕಾರದ ಬೆಟ್ಟ ಕಾಣುವ ಹೊತ್ತಿಗೆ ಎಡಗಡೆಯಿಂದ ಒಂದು ಸದ್ದು ಶುರುವಾಯಿತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಬ್ರೇಕು ಒತ್ತಿದರೆ ಹೆಚ್ಚು, ಬಿಟ್ಟರೂ ನಿಲ್ಲದು. ಅಕ್ಕ ತನ್ನ ಕಿಟಕಿಯಿಂದ ಬಗ್ಗಿ ನೋಡಿ, ಹೊಗೆ ಬರಾಕತ್ತದ ಎಂದಳು. ಬೇರೆ ಯಾರಾದರೂ ಕೂಗುತ್ತಿದ್ದರು. ಇವಳು, ಅಡುಗೆಮನೆಯಲ್ಲಿ ಸಾರು ಕುದಿಯಿತು ಎನ್ನುವ ದನಿಯಲ್ಲಿ ಹೇಳಿದಳು.

ಸೇತುವೆಯ ಮೇಲೆ ಹೀಗಾಗಿದ್ದರೆ ಎಂಬ ತಮ್ಮನ ಮಾತು ಕಿವಿಯಲ್ಲಿ ಕೇಳಿತು. ಮೊದಲ ಗೇರಿನಲ್ಲಿ ತೆವಳಿಸಿಕೊಂಡು ಅದೇ ಗ್ಯಾರೇಜಿಗೆ ಹೋದೆ, ಬೇರೆ ಯಾವುದೂ ಹತ್ತಿರ ಇರಲಿಲ್ಲ. ಮಿಸ್ತ್ರಿ ನನ್ನ ಮುಖ ನೋಡಿ ಹಳೆಯ ಬಿರುಸು ನೆನಪಾಗಿ ಹಿಂದೆ ಸರಿದನೋ ಏನೋ. ಆದರೆ ಅಕ್ಕನ ಬಾತ ಕಾಲು ಅವನ ಕಣ್ಣಿಗೆ ಬಿತ್ತು. ನಾನು ಆಸ್ಪತ್ರೆ ಎನ್ನುವಷ್ಟರಲ್ಲಿ ಕೈಯಲ್ಲಿದ್ದ ಬೇರೆ ಕೆಲಸ ಬಿಟ್ಟು ಜಾಕ್ ತಂದ. ಬೇವಿನ ಗಿಡದ ನೆರಳಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಅಕ್ಕನನ್ನು ಕೂರಿಸಿದ. ನಾನು ಕೂರಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದೆ, ಸ್ವಲ್ಪ ಹೊತ್ತು ನೋಡುತ್ತೇವೆ ಎಂದರು. ಆಟೋ ಸಿಗುತ್ತದೋ ಎಂದು ರಸ್ತೆಗೆ ಹೋದೆ, ವಾಪಸು ಬಂದೆ, ಮತ್ತೆ ಹೋದೆ. ಅಕ್ಕ ನನ್ನ ಕಡೆ ನೋಡಿ, ನೀನು ಹೀಗೆ ಓಡಾಡಿದರೆ ನನಗೇ ದಣಿವಾಗುತ್ತದೆ, ಒಂದು ಕಡೆ ನಿಲ್ಲು ಎಂದಳು.

ಟೈರು ಬಿಚ್ಚಿದ. ನಾನು ಅವನ ಹೆಗಲ ಮೇಲಿಂದ ಬಗ್ಗಿದೆ. ಗಾಲಿಯ ಜೊತೆ ತಿರುಗುವ ಕಬ್ಬಿಣದ ಡಿಸ್ಕಿನ ಹೊರಮೈಗೆ ಇದ್ದ ಪ್ಯಾಡು ನಿಜವಾಗಿಯೂ ದಪ್ಪ ಇತ್ತು, ಹೋದ ಸಲ ಅವನು ತೂತಿನಿಂದ ನೋಡಿದ್ದು ಅದನ್ನೇ. ಆಮೇಲೆ ಒಳಮೈಯ ಪ್ಯಾಡನ್ನು ಈಚೆ ತೆಗೆದ. ಅದರಲ್ಲಿ ಸವೆಯಲು ಏನೂ ಉಳಿದಿರಲಿಲ್ಲ, ಹಿಂದಿನ ಕಬ್ಬಿಣದ ತಗಡೇ ಡಿಸ್ಕನ್ನು ಕೆರೆದು ಗೀರು ಮಾಡಿತ್ತು. ಬಲಗಾಲಿ ಬಿಚ್ಚು ಎಂದೆ. ಹೊತ್ತಾಗುತ್ತದೆ ಎಂದ. ಆದರೂ ಬಿಚ್ಚು ಎಂದೆ. ಬಲಗಡೆ ಒಳಗಿನದೂ ಹೊರಗಿನದೂ ಒಂದೇ ಸಮ ಸವೆದಿದ್ದವು. ನನ್ನ ಕಾಲಿನ ಸಾಕ್ಷಿ ಅಲ್ಲಿ ಇತ್ತು, ಹದವಾಗಿ, ಮರ್ಯಾದೆಯಿಂದ ಸವೆದ ಎರಡು ಪ್ಯಾಡು. ಆ ಹೊತ್ತಿನಲ್ಲೂ ನನಗೆ ಅವುಗಳ ಫೋಟೋ ತೆಗೆಯಬೇಕು ಅನ್ನಿಸಿತು, ತೆಗೆದೆ.

ಎರಡು ಪ್ಯಾಡುಗಳನ್ನು ಹಿಡಿದಿರುವ ಚೌಕಟ್ಟು ಎರಡು ಪಿನ್ನುಗಳ ಮೇಲೆ ಹಿಂದೆ ಮುಂದೆ ಸರಿದಾಡಬೇಕು. ಹಾಗಾದರೆ ಮಾತ್ರ ಇಕ್ಕಳದ ಹಾಗೆ ಎರಡೂ ಕಡೆಯಿಂದ ಹಿಡಿದು, ಕಾಲು ತೆಗೆದಾಗ ಬಿಡುತ್ತದೆ. ಪಿನ್ನು ಜಾಮಾದರೆ ಒಳಗಿನ ಪ್ಯಾಡೊಂದೇ ಒತ್ತುತ್ತದೆ, ಒತ್ತಿದ್ದು ಬಿಡುವುದೂ ಇಲ್ಲ. ಮಿಸ್ತ್ರಿ ಹೇಳುತ್ತಿದ್ದ, ನಾನು ಅದರ ಮುಂದಿನದನ್ನು ಹೇಳುತ್ತಿದ್ದೆ, ಇಬ್ಬರಿಗೂ ಈಗ ಒಂದೇ ಹಟ. ಮೇಲಿನ ಪಿನ್ನು ಸುಲಭವಾಗಿ ಬಂತು. ಕೆಳಗಿನದು ಬರಲಿಲ್ಲ. ಎಣ್ಣೆ ಹಾಕಿ, ಪಾನಾದಿಂದ ತಿರುವಿ, ಸುತ್ತಿಗೆಯಿಂದ ತಟ್ಟಿ ತಟ್ಟಿ ಎಳೆದಾಗ ಬಂತು. ಅದರ ರಬ್ಬರಿನ ಟೋಪಿ ಹರಿದಿತ್ತು. ಒಳಗೆ ಗ್ರೀಸಿನ ಬದಲು ಅಂಟು ಅಂಟಾದ, ಗಟ್ಟಿಯಾದ ಕೆಂಪು ಮುದ್ದೆ.

ಅವನು ತುಕ್ಕು ಎಂದ. ನಾನು ಒಂದು ಚೂರು ತೆಗೆದು ನೀರು ಹಾಕಿ ಉಜ್ಜಿದೆ. ತುಕ್ಕು ಹೀಗೆ ಕೆಂಪಾಗಿ ಬೆರಳಿಗೆ ಹತ್ತುವುದಿಲ್ಲ. ಹಾಗಾದರೆ ಮಣ್ಣಿರಬಹುದು ಎಂದ, ತಾನೇ ತಲೆಯಾಡಿಸಿದ. ನಾನು ಓಡಾಡುವ ದಾರಿಯೆಲ್ಲ ಎರೆಮಣ್ಣು, ಕಾಲುವೆಯ ರಾಡಿಯೂ ಕಪ್ಪು. ಈ ಕೆಂಪು ಎಲ್ಲಿಂದ ಬಂತು, ಅದೂ ಈ ಒಂದೇ ಗಾಲಿಗೆ? ಇಬ್ಬರೂ ಆ ಮುದ್ದೆ ನೋಡುತ್ತ ಕೂತೆವು.

ಬೇವಿನ ನೆರಳಿನಿಂದ ಅಕ್ಕ ಹೇಳಿದಳು: "ಅದು ಕುಂಕುಮ. ನಾ ಹಾಕಿದ್ದು."

ನನಗೆ ಒಂದು ಕ್ಷಣ ತಿಳಿಯಲಿಲ್ಲ, ಆಮೇಲೆ ಎಲ್ಲ ಒಟ್ಟಿಗೇ ತಿಳಿಯಿತು. ನಮ್ಮ ಕಡೆ ಗಾಡಿ ಇದ್ದವರೆಲ್ಲ ಅಮಾವಾಸ್ಯೆಗೆ ಅದಕ್ಕೆ ಪೂಜೆ ಮಾಡುತ್ತಾರೆ. ಗಾಲಿಗೆ ವಿಭೂತಿ, ಕುಂಕುಮ, ಕೆಳಗೆ ನಿಂಬೆಹಣ್ಣು, ಮುಂದೆ ಒಂದು ಕಾಯಿ. ಕಾರು ಬಂದ ದಿನದಿಂದ ಅಕ್ಕ ಒಂದು ಅಮಾವಾಸ್ಯೆಯನ್ನೂ ಬಿಟ್ಟವಳಲ್ಲ. ಉಳಿದ ಗಾಲಿಗಳಿಗೆ ಬರೀ ಬೊಟ್ಟು. ಎಡ ಮುಂಗಾಲಿಗೆ, ತಾನು ಕೂರುವ ಕಡೆಯದಕ್ಕೆ, ಮುಷ್ಟಿ ತುಂಬ ಕುಂಕುಮ. ಕಾಯಿ ಒಡೆಯುತ್ತಿದ್ದಳು, ಹೋಳನ್ನು ಬಾಯಿಯ ತನಕ ತರುತ್ತಿದ್ದಳು. ಹಳೆಯ ರೂಢಿ, ಕೈ ತಾನೇ ಮೇಲೆ ಬರುತ್ತಿತ್ತು. ಅಲ್ಲಿ ನಿಲ್ಲಿಸಿ, ನಾನು ಕುಡಿಯೋದನ್ನ ಇದು ಕುಡೀಲಿ, ನನ್ನನ್ನ ಹೊರೋದು ಇದೇ ಅಲ್ಲೇನು, ಎಂದು ನಗುತ್ತ ಆ ನೀರನ್ನೆಲ್ಲ ಮುಚ್ಚಳದ ತೂತಿನೊಳಗೆ, ಕೂಸಿನ ಬಾಯಿಗೆ ಹಾಕುವ ಹಾಗೆ, ಹುಷಾರಾಗಿ ಸುರಿಯುತ್ತಿದ್ದಳು. ನಾನು ಪಕ್ಕದಲ್ಲಿ ಊದಿನಕಡ್ಡಿ ಹಿಡಿದು, ಶಾಲೆಗೆ ಹೊತ್ತಾಯಿತು, ಬೇಗ ಮುಗಿಸು ಎನ್ನುತ್ತ ನಿಂತಿರುತ್ತಿದ್ದೆ. ಆ ಸಿಹಿ ನೀರು ಕುಂಕುಮವನ್ನು ಕಲಸಿಕೊಂಡು ಹರಿದ ರಬ್ಬರಿನೊಳಗೆ ಇಳಿದು, ಗಾಲಿಯ ಬಿಸಿಗೆ ಕಾದು, ಪಾಕವಾಗಿ ಕೂತಿತ್ತು.

ಮಿಸ್ತ್ರಿ ತಿಳಿದವನು. "ನಾನೂ ಮಾಡ್ತೀನ್ರಿ ಅಮ್ಮಾರ, ಪ್ರತಿ ಅಮಾಸಿಗಿ. ರಬ್ಬರ್ ಹರಿದಿದ್ದಕ್ಕ ಹಿಂಗಾಗ್ಯಾದ, ಕೆನಾಲಿನ ರಾಡಿನೂ ಹೋಗಿರ್ತದ. ನಿಮ್ಮ ತಪ್ಪೇನಿಲ್ಲ" ಎಂದ. ಆ ಬೆಳಿಗ್ಗೆ ಅಕ್ಕ ಅಷ್ಟು ಹೊತ್ತು ತನ್ನ ಅಂಗೈ ನೋಡಿಕೊಂಡು ಕೂತದ್ದು ನನಗೆ ಹಿಡಿಸಲಿಲ್ಲ. ಆದರೆ ನನಗೆ ಗಡಿಬಿಡಿ. ಎರಡೂ ಗಾಲಿಗೆ ಹೊಸ ಪ್ಯಾಡು, ಹೊಸ ಪಿನ್ನು, ಹೊಸ ರಬ್ಬರು ಹಾಕಿಸಿ, ಗೀರು ಬಿದ್ದ ಡಿಸ್ಕನ್ನು ಮುಂದಿನ ವಾರ ಬದಲಿಸುವ ಮಾತಾಡಿ, ಯಾದಗಿರಿ ದಾರಿ ಹಿಡಿದೆ. ಸ್ಟೇರಿಂಗ್ ಮೇಲಿನ ಕೈ ಸಡಿಲ ಬಿಟ್ಟರೂ ಕಾರು ನೆಟ್ಟಗೆ ಹೋಗುತ್ತಿತ್ತು. ಸೇತುವೆ ದಾಟುವಾಗ ಹಾಡಿಕೊಳ್ಳಬೇಕು ಅನ್ನಿಸಿತು. ಅಕ್ಕ ಆವತ್ತು ನದಿಯ ಕಡೆ ನೋಡಲಿಲ್ಲ.

ಅವಳ ಹಾಸಿಗೆಯನ್ನು ಬೇರೆಯವರಿಗೆ ಕೊಟ್ಟಿದ್ದರು, ಮಧ್ಯಾಹ್ನದ ಸರದಿಯಲ್ಲಿ ಹಾಕಿಕೊಂಡರು. ಅವಳನ್ನು ಮಲಗಿಸಿ ಹೊರಗೆ ಬಂದವಳೇ ತಮ್ಮನಿಗೆ ಫೋಟೋ ಕಳಿಸಿ ಫೋನು ಹಚ್ಚಿದೆ. ವರಾಂಡದ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಪ್ಯಾಡು, ಪಿನ್ನು, ಕುಂಕುಮ, ಕಾಯಿ ನೀರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನನ್ನ ಕಾಲಲ್ಲ, ಗೊತ್ತಾಯಿತೇನು, ನನ್ನ ಕಾಲಲ್ಲ ಎಂದೆ. ಅವನು ಜೋರಾಗಿ ನಕ್ಕ. ತಪ್ಪಾಯಿತು ಸಣ್ಣಕ್ಕ, ಕಾಲಿಗೆ ಬೀಳುತ್ತೇನೆ, ಆ ಬಲಗಾಲಿಗೇ ಬೀಳುತ್ತೇನೆ ಎಂದ. ನಾನೂ ನಕ್ಕೆ. ನನ್ನ ದನಿ ಯಾವಾಗಲೂ ದೊಡ್ಡದು, ಒಳಗಿನ ತನಕ ಕೇಳುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಸಂಜೆ ಅವಳನ್ನು ಕಾರಿನಲ್ಲಿ ಕೂರಿಸಿ ಬೆಲ್ಟು ಹಾಕುವಾಗ ಅವಳೇ ಮಾತು ತೆಗೆದಳು.

"ಅಮಾಸಿ ಆದ ಮ್ಯಾಲ ನಾ ಅವನ ಕೂಡ ಹೋಗ್ತೀನಿ. ಬಟ್ಟಿ ಕಟ್ಟಿಡು."

ಯಾಕೆ ಎಂದೆ. ಕಾರು ಈಗ ಸರಿಯಾಯಿತಲ್ಲ ಎಂದೆ. ಅವಳು ಎದುರಿನ ಗಾಜು ನೋಡುತ್ತ, ನಿನಗೆ ಹೊರೆಯಾದದ್ದು ಸಾಲದು ಅಂತ ನಿನ್ನ ಗಾಡಿಯನ್ನೂ ಕೆಡಿಸಿದೆ, ದೇವರಿಗೆ ಬೇಡಿಕೊಳ್ಳುತ್ತಲೇ ಇಬ್ಬರ ಜೀವಕ್ಕೂ ಸಂಚಕಾರ ತಂದೆ, ಸಾಕು ಎಂದಳು. ಅಷ್ಟೇ. ಸುರಪುರ ಬರುವ ತನಕ ನಾನು ಬೈದೆ, ರಮಿಸಿದೆ, ಮತ್ತೆ ಬೈದೆ. ಅವಳು ಕಣ್ಣು ಮುಚ್ಚಿಕೊಂಡಳು. ನನ್ನ ಮೇಲಿನ ಆರೋಪ ಕಳೆದುಕೊಂಡಿದ್ದೆ. ಅದನ್ನು ಹೋಗಿ ಅವಳ ಹೆಗಲಿಗೆ ಹಾಕಿದ್ದೆ. ಗೆದ್ದ ಖುಷಿ ಒಂದು ದಿನ ಕೂಡ ಬಾಳಲಿಲ್ಲ.

ಅಮಾವಾಸ್ಯೆಯ ತನಕ ಮನೆಯಲ್ಲಿ ನಾನು ಬೋನಿಗೆ ಬಿದ್ದವಳ ಹಾಗೆ ಸುತ್ತಾಡಿದೆ. ಅವಳು ಓಣಿಯ ಹೆಂಗಸರ ಅರೆಹೊಲಿಗೆಯ ಬಟ್ಟೆಗಳನ್ನು ಒಂದೊಂದಾಗಿ ಮುಗಿಸಿ ಕಳಿಸುತ್ತಿದ್ದಳು. ಮಷೀನಿನ ಸದ್ದು ನಿಂತಾಗಲೆಲ್ಲ, ಇನ್ನೊಂದು ಮುಗಿಯಿತು ಎಂದು ಎಣಿಸುತ್ತಿದ್ದೆ. ನಾನು ಅವಳ ಬಟ್ಟೆ ಕಟ್ಟಿಡಲಿಲ್ಲ. ಅವಳೇ ಕಟ್ಟಿಕೊಂಡಳು.

ಅಮಾವಾಸ್ಯೆಯ ಬೆಳಿಗ್ಗೆ ಅವಳು ಪೂಜೆಯ ತಟ್ಟೆ ತೆಗೆಯಲಿಲ್ಲ. ಇನ್ನು ಗಾಡಿಯ ಹತ್ತಿರ ನಾನು ಬರುವುದಿಲ್ಲ ಎಂದಳು. ನನಗೆ ಪೂಜೆ ಪುನಸ್ಕಾರದಲ್ಲಿ ಅಂಥ ಭಕ್ತಿ ಏನೂ ಇಲ್ಲ. ಆದರೂ ಅಂಗಡಿಗೆ ಹೋಗಿ ಕಾಯಿ ತಂದೆ, ನಿಂಬೆಹಣ್ಣು ತಂದೆ, ಅವಳ ತೋಳು ಹಿಡಿದು ಹೊರಗೆ ಕರೆತಂದು ಕಾರಿನ ಮುಂದೆ ಕಟ್ಟೆಯ ಮೇಲೆ ಕೂರಿಸಿದೆ. ನಾಲ್ಕೂ ಗಾಲಿಗೆ ನಾನೇ ಬೊಟ್ಟಿಟ್ಟೆ, ಟೈರಿನ ಮೇಲೆ ಮಾತ್ರ, ಸಣ್ಣದಾಗಿ. ಕಾಯಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಕಟ್ಟೆಯ ಕಲ್ಲಿಗೆ ಒಡೆದಳು, ಹಳೆಯ ಕೈ, ಒಂದೇ ಪೆಟ್ಟು. ನೀರು ತುಂಬಿದ ಹೋಳು ಮೇಲೆ ಬಂತು, ಬಾಯಿಯ ಹತ್ತಿರ ನಿಂತಿತು. ಇನ್ನು ಅದನ್ನು ಎಲ್ಲಿ ಸುರಿಯಬೇಕು ಎಂದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಗಿಡಕ್ಕೆ ಹಾಕು ಎನ್ನಲು ನಾನು ಬಾಯಿ ತೆರೆದೆ.

ಅವಳು ಹೋಳನ್ನು ನನ್ನ ಕಡೆ ಚಾಚಿದಳು.

"ನೀ ಕುಡಿ. ನನ್ನ ಮುಂದ ನಿಂತು ಕುಡಿ."

ಬೇಡ ಎಂದೆ. ಬಾಯಾರಿಲ್ಲ ಎಂದೆ. ಸುಳ್ಳು ಹೇಳಲು ಬರುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ.

"ಅಡಗಿಮನಿಯಾಗ ಕಳ್ಳರಂಗ ನೀರು ಕುಡಿತಿ, ನನಗ ಗೊತ್ತಿಲ್ಲೇನು? ನೀ ಗಂಟಲಾಗ ಸದ್ದು ನುಂಗೂದು ಕೇಳಿ ಕೇಳಿ ನನಗ ಮತ್ತಿಷ್ಟು ಬಾಯಾರತದ. ನಾ ಈ ಮನಿಯಾಗ ಇರಬೇಕಂದ್ರ ನೀ ನನ್ನ ಎದುರಿಗಿ ಕುಡಿಬೇಕು."

ನಾನು ತೆಗೆದುಕೊಂಡೆ. ಎಷ್ಟೋ ಕಾಲದ ಮೇಲೆ ಅವಳ ಕಣ್ಣೆದುರು ನಿಂತು ಕುಡಿದೆ. ಗಟಗಟ ಸದ್ದು ಮಾಡುತ್ತಲೇ ಕುಡಿದೆ, ಗದ್ದದ ಮೇಲೆ ಹರಿದು ಕುಪ್ಪಸ ತೊಯ್ಯಿತು. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ಅವಳ ಗಂಟಲೂ ಒಂದು ಸಲ ಮೇಲೆ ಕೆಳಗೆ ಆಡಿತು.

"ಸಿಹಿ ಅದನ?" ಎಂದು ಕೇಳಿದಳು.

ಬಹಳ ಸಿಹಿ ಇದೆ ಎಂದೆ.

ಅವಳು ನನ್ನ ಗದ್ದವನ್ನು ತನ್ನ ಸೆರಗಿನಿಂದ ಒರೆಸಿ, ಖಾಲಿ ಹೋಳನ್ನು ಇಸಿದುಕೊಂಡು ತಟ್ಟೆಯಲ್ಲಿಟ್ಟಳು. ಆಮೇಲೆ ಕಟ್ಟೆಯಿಂದ ಮೆಲ್ಲಗೆ ಎದ್ದು, ನಾಳೆ ಬರುವುದು ಬೇಡ ಎಂದು ತಮ್ಮನಿಗೆ ಫೋನು ಹಚ್ಚಿ ಹೇಳು ಎಂದಳು.